ಐದು ಅಕ್ಷರದ ಇಲ್ಲ

ಆ ಫೈಲಿನ ಹೆಸರು ಚುಕ್ಕೆಯಿಂದ ಶುರು.
ಚುಕ್ಕೆ ಇಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ,
ಕೂಸಿನ ಕೆನ್ನೆಯ ದೃಷ್ಟಿಬೊಟ್ಟಿನ ಹಾಗೆ.
ಅದರೊಳಗೆ ಲೀಲೊ ಬರೆದದ್ದು ಹನ್ನೊಂದೇ ಸಾಲು:
ಡೇಟಾಬೇಸಿನ ವಿಳಾಸ, ಪೋರ್ಟು ಮೂರು ಸಾವಿರ,
ಒಂದು ಗುಟ್ಟಿನ ಕೀಲಿ,
ಕಟ್ಟಕಡೆಗೆ
ಎಸ್ಸೆಮ್ಮೆಸ್ ಕಳಿಸಬೇಕೆ ಎಂಬಲ್ಲಿ, ಫಾಲ್ಸ್.

ಎಸ್ಟೋನಿಯಾದ ಹಾಪ್ಸಾಲು, ಫೆಬ್ರವರಿ.
ಬೆಳಗಿನ ಹತ್ತಾದರೂ ಕಿಟಕಿಯಲ್ಲಿ ಬೂದಿ ಬಣ್ಣ.
ಅಡುಗೆಮನೆ ಮೇಜು, ರೈ ಬ್ರೆಡ್ಡಿನ ಪುಡಿ,
ಲ್ಯಾಪ್‌ಟಾಪಿನ ಬೆನ್ನಿಗೆ ಹಡಗು ಕಂಪನಿಯ ಹಳದಿ ಚೀಟಿ.
ಇದು ಡೆವಲಪ್‌ಮೆಂಟು. ಇಲ್ಲಿ ಎಲ್ಲ ನಡೆಯುತ್ತದೆ.
ಹಡಗು ದಿನಕ್ಕೆ ನಲವತ್ತು ಸಲ ಮುಳುಗುತ್ತದೆ,
ಟಿಕೆಟ್ಟಿನ ಬೆಲೆ ಮೈನಸ್ ಏಳು ಯೂರೋ,
ಪ್ರಯಾಣಿಕರ ಹೆಸರು ಆಲೂಗಡ್ಡೆ, ಎರಡನೇ ಆಲೂಗಡ್ಡೆ.

ಹೋದ ವಾರ ಆಲೂಗಡ್ಡೆ ಸಾಲದೆ
ಪ್ರೊಡಕ್ಷನ್ನಿನಿಂದ ನಿಜದ ಪಟ್ಟಿಯನ್ನೇ ನಕಲು ಮಾಡಿದ್ದಳು,
ಫೋನ್ ನಂಬರುಗಳ ಸಮೇತ.
ಅದನ್ನು ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಗೆ ಏನಾದರೊಂದು ಬರೆಯಬೇಕಲ್ಲ, ಬರೆದಳು:
ಇವತ್ತು ಹಡಗಿಲ್ಲ. ಹಿಮದ ಮೇಲೆ ನಡೆದು ಬನ್ನಿ.
ತನ್ನ ಜೋಕಿಗೆ ತಾನೇ ನಕ್ಕು ಎಂಟರ್ ಒತ್ತಿದಳು.

ಜಾವಾಸ್ಕ್ರಿಪ್ಟಿನ ನ್ಯಾಯವೇ ಬೇರೆ.
ಆ ಫೈಲಿನಿಂದ ಬಂದದ್ದೆಲ್ಲ ಅದಕ್ಕೆ ಬರೀ ಅಕ್ಷರ.
ಫಾಲ್ಸ್ ಅಂದರೆ
ಎಫ್, ಎ, ಎಲ್, ಎಸ್, ಇ.
ಐದು ಇದೆ, ಖಾಲಿಯಲ್ಲ,
ಖಾಲಿಯಲ್ಲದ್ದು ನಿಜ.
ಮೌನ ಸಮ್ಮತಿ ಅನ್ನುತ್ತೇವೆ ನಾವು;
ಅಲ್ಲಿ ಬಾಯಿ ಬಿಟ್ಟು ಇಲ್ಲ ಅಂದದ್ದೇ ಸಮ್ಮತಿ,
ಬೇಡವೆನ್ನಲು ಸುಮ್ಮನಿರಬೇಕಿತ್ತು.

ಮುನ್ನೂರ ಹನ್ನೆರಡು ಜೇಬುಗಳಲ್ಲಿ ಗುಂಯ್.

ಮುತ್ತು ಒಡೆದಿತ್ತು.
ನಗುವ ಮುಖಗಳು ಬಂದವು, ಬೈಗುಳವೂ ನಾಲ್ಕು.
ಒಬ್ಬಾಕೆ ಕೇಳಿದಳು, ನಾಯಿಗೂ ಟಿಕೆಟ್ ಬೇಕೆ?
ಕ್ಷಮಿಸಿ, ತಪ್ಪಾಯಿತು ಎಂದು ಎಲ್ಲರಿಗೂ ಹೋಯಿತು,
ಎಲ್ಲರೂ ಓದಿದರು,
ಒಬ್ಬ ಲೆಂಬಿಟ್ ಬಿಟ್ಟು. ವಯಸ್ಸು ಎಪ್ಪತ್ತೊಂಬತ್ತು,
ವೋರ್ಮ್ಸಿ ದ್ವೀಪಕ್ಕೆ, ಒಂದು ಕಡೆಯ ಟಿಕೆಟ್ಟು.
ಫೋನ್ ರಿಂಗಾಗುತ್ತದೆ. ರಿಂಗಾಗುತ್ತದೆ.

ಮೇಲಿನವಳು ಐವೆ, ಬೈಯಲಿಲ್ಲ.
ಬೈದಿದ್ದರೆ ಚೆನ್ನಾಗಿತ್ತು.
ಕರಾವಳಿ ಕಾವಲಿನವರಿಗೆ ಕರೆ ಮಾಡಿ
ಅವನ ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿದಳು.
ಲೀಲೊ ಮೇಜಿನ ಪುಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ
ಒಂದು ಕಡೆ ಸೇರಿಸಿದಳು, ಮತ್ತೆ ಚದುರಿಸಿದಳು.
ಹೋದ ವಾರ ಇಲ್ಲಿ, ಈ ಮೇಜಿನ ಮೇಲೆ, ಎಷ್ಟು ಹಡಗು ಮುಳುಗಿಸಿದ್ದೆ?
ಒಂದಕ್ಕೂ ಎದೆ ಹೀಗೆ ಹೊಡೆದುಕೊಂಡಿರಲಿಲ್ಲ.

ಎರಡೂವರೆಗೆ ಸಿಕ್ಕ,
ಆಚೆ ದಡದ ಕಟ್ಟೆಯ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿಯುತ್ತ,
ಪಕ್ಕದ ಜಾರುಬಂಡಿಯಲ್ಲಿ ತಂಗಿಯ ಹೊಲಿಗೆ ಮಿಷನ್ನು.
ಫೋನು ಒಳಜೇಬಿನಲ್ಲಿತ್ತಂತೆ, ಮೂರು ಸ್ವೆಟರಿನ ಕೆಳಗೆ.
ಲೀಲೊ ತಾನೇ ಮಾತಾಡಿದಳು.

ನೀವೇ ಹೇಳಿದಿರಲ್ಲ, ಅಂದ.
ಕಂಪನಿ ಹೇಳಿದ ಮೇಲೆ ಗಟ್ಟಿಯಿರಲೇಬೇಕು ಅಂದುಕೊಂಡೆ.
ಮಧ್ಯದಲ್ಲಿ ಹಡಗೊಂದು ಪಕ್ಕದಲ್ಲೇ ಹೋಯಿತು,
ಹಿಮ ಸೀಳಿ ಕಪ್ಪು ನೀರು ಬಿಟ್ಟುಕೊಂಡು.
ಹಡಗಿಲ್ಲ ಅಂದಿದ್ದಿರಿ;
ಸರಿ, ಅದು ಬೇರೆಯವರ ಹಡಗಿರಬೇಕು ಅಂತ
ಕೈಬೀಸಿ ನಡೆದೆ.

ರಾತ್ರಿ ಅವಳು ಪಟ್ಟಿ ಅಳಿಸಿದಳು.
ಕೋಡಿನಲ್ಲಿ ಒಂದು ಸಾಲು ತಿದ್ದಿದಳು:
ಬಂದ ಮಾತು ಟ್ರೂ ಎಂಬ ನಾಲ್ಕಕ್ಷರಕ್ಕೆ
ಕೂದಲೆಳೆ ಬಿಡದೆ ಹೊಂದಿದರೆ ಮಾತ್ರ ಹೌದು;
ಮಿಕ್ಕ ಏನೇ ಬರಲಿ, ಇಲ್ಲ.
ಸಾಲೇ ಇಲ್ಲದಿದ್ದರೆ ಶುರುವಾಗದೆ ನಿಂತುಬಿಡು, ಕೂಗು.
ಆಲೂಗಡ್ಡೆಗಳನ್ನು ಮತ್ತೆ ನೆಟ್ಟಳು, ಮುನ್ನೂರು.

ಹನ್ನೊಂದಕ್ಕೆ ಲೆಂಬಿಟನಿಂದ ಎಸ್ಸೆಮ್ಮೆಸ್ಸು:
ನಾಳೆ ವಾಪಸ್ ಬರಬೇಕು. ಹೇಗೆ ಬರಲಿ?

ಯಾವ ಪ್ರೋಗ್ರಾಮಿಗೂ ಕೊಡದೆ, ತನ್ನ ಫೋನಿನಲ್ಲಿ,
ಹೆಬ್ಬೆರಳಿನಿಂದ ಬರೆದಳು:
ಹತ್ತಕ್ಕೆ ಹಡಗು ಇದೆ. ಅದು ನಿಮ್ಮದೇ.
ಓದಿದಳು. ಹವಾಮಾನ ನೋಡಿದಳು. ಮತ್ತೆ ಓದಿದಳು.
ಇನ್ನೂ ಕಳಿಸಿಲ್ಲ.